ಖಾಲಿ ಜಾಗಕ್ಕೆ ಸೊನ್ನೆ ಹಾಕ್ಬೇಡಿ

ಎಲ್ಲರಿಗೂ ನಮಸ್ಕಾರ. ಜಾವಾಸ್ಕ್ರಿಪ್ಟ್ ಕಲೀತಾ, ಒಂದೇ ಚಾರ್ಟಲ್ಲಿ ನಾಲ್ಕೈದು ಗೆರೆ ಎಳೆಯೋಕೆ ಒದ್ದಾಡ್ತಿದ್ದೀರಲ್ಲ, ಇವತ್ತಿನ ಮಾತು ನಿಮಗೇ. ಹೇಳೋದು ಒಂದೇ ವಿಷಯ: ಖಾಲಿ ಬೇರೆ, ಸೊನ್ನೆ ಬೇರೆ.

ಒಂದ್ಸಲ ಕಾವೇರಿ ಕಡೆಯ ನಾಲ್ಕು ಜಲಾಶಯ, ಕೆಆರ್‌ಎಸ್, ಹೇಮಾವತಿ, ಕಬಿನಿ, ಹಾರಂಗಿ, ಇವುಗಳ ನೀರಿನ ಚಾರ್ಟ್ ಮಾಡ್ತಿದ್ದೆ. ನೆಟ್ಟಿಂದ ಫೆಚ್ ಮಾಡಿದ್ದು ಸಿಎಸ್‌ವಿ ಫೈಲು, ಅಂದ್ರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ, ಸಾಲಿಗೊಂದು ತಾರೀಖು, ಡ್ಯಾಮಿನ ಹೆಸರು, ಎಷ್ಟು ಟಿಎಂಸಿ ನೀರು, ಅಷ್ಟೇ. ಸಿಎಸ್‌ವಿಯಲ್ಲಿ ಅಂಕಿಗಳೂ ಬರೀ ಅಕ್ಷರಗಳಾಗೇ ಬರ್ತವೆ, ಅದಕ್ಕೆ ಎಲ್ಲದರ ಮೇಲೂ ಅಕ್ಷರವನ್ನ ಅಂಕಿ ಮಾಡೋ ನಂಬರ್ ಫಂಕ್ಷನ್ ಓಡಿಸ್ದೆ, ಚಾರ್ಟ್ ಚೆನ್ನಾಗೇ ಬಂತು, ಖುಷಿಯಲ್ಲಿ ಮಂಡ್ಯ ಹತ್ರ ಬೇಸಾಯ ಮಾಡೋ ನಮ್ಮ ಮಾವಂಗೆ ತೋರಿಸ್ದೆ. ಮಾವ ಗೆರೆ ಮೇಲೆ ಬೆರಳಿಟ್ಟು ಸುಮ್ನೆ ನೋಡಿದ್ರು. "ಏನಪ್ಪಾ, ಭಾನುವಾರ ಕನ್ನಂಬಾಡಿ ಕಟ್ಟೆ ಪೂರ್ತಿ ಬರಿದಾಗೋಯ್ತಾ? ಸೋಮವಾರಕ್ಕೆ ಅಷ್ಟೂ ನೀರು ಎಲ್ಲಿಂದ ಬಂತು?" ಹೌದು, ಗೆರೆ ನೆಲ ಮುಟ್ಟಿ ವಾಪಸ್ ಎದ್ದಿತ್ತು. ಫೈಲ್ ತೆಗೆದು ನೋಡಿದ್ರೆ ಆ ಭಾನುವಾರದ ಜಾಗದಲ್ಲಿ ಏನೂ ಇಲ್ಲ. ಖಾಲಿ ಅಕ್ಷರಕ್ಕೆ ನಂಬರ್ ಹಾಕಿದ್ರೆ ಜಾವಾಸ್ಕ್ರಿಪ್ಟ್ ಸೊನ್ನೆ ಕೊಡುತ್ತೆ, ಎರರ್ ಕೂಡ ತೋರಿಸಲ್ಲ! ಆ ನೀರನ್ನೇ ನಂಬಿ ಭತ್ತ ನಾಟಿ ಮಾಡೋರಿಗೆ ಸುಳ್ಳು ಗೆರೆ ತೋರಿಸೋದು ತಪ್ಪು ಕಣ್ರಿ.

ಅದಕ್ಕೇ ಖಾಲಿ ಇದೆಯಾ ಅಂತ ಮೊದಲು ನೋಡಿ, ಇದ್ರೆ ನಲ್ ಇಡಿ, ಅಂದ್ರೆ "ಇಲ್ಲಿ ಬೆಲೆ ಇಲ್ಲ" ಅನ್ನೋ ಗುರುತು, ಇಲ್ಲದಿದ್ರೆ ಮಾತ್ರ ನಂಬರ್. ನಲ್ ಇದ್ದಲ್ಲಿ ಚಾರ್ಟ್ ಬರೆಯೋ ಲೈಬ್ರರಿ ಚಾರ್ಟ್‌ಜೆಎಸ್ ಗೆರೆ ಬಿಟ್ಟು ಎಳೆಯುತ್ತೆ. ಇನ್ನೊಂದು ಲೈಬ್ರರಿ ಡಿ3 ಬಳಸೋರು, ಯಾವ ಬಿಂದುಗೆ ಬೆಲೆ ಇದೆ ಅಂತ ಹೇಳೋ ಡಿಫೈನ್ಡ್ ಅನ್ನೋದನ್ನ ಹಾಕ್ಲೇಬೇಕು, ಇಲ್ಲಾಂದ್ರೆ ಅಲ್ಲೂ ಗೆರೆ ಕೆಡುತ್ತೆ.

ಇನ್ನು ಕೆಲವರು ಖಾಲಿ ಸಾಲನ್ನೇ ಕಿತ್ತಾಕ್ತಾರೆ, ದಯವಿಟ್ಟು ಬೇಡ. ಚಾರ್ಟ್‌ಜೆಎಸ್‌ಗೆ ತಾರೀಖಿನ ಪಟ್ಟಿ, ಅಂಕಿಗಳ ಪಟ್ಟಿ ಬೇರೆಬೇರೆ ಕೊಟ್ಟಾಗ ಅದು ಮೊದಲನೇದಕ್ಕೆ ಮೊದಲನೇದು, ಎರಡನೇದಕ್ಕೆ ಎರಡನೇದು ಅಂತ ಜೋಡಿಸ್ಕೊಂಡು ಹೋಗುತ್ತೆ, ನಡುವೆ ಒಂದು ಕಿತ್ರೆ ಸೋಮವಾರದ ನೀರು ಭಾನುವಾರಕ್ಕೆ ಸರಿಯುತ್ತೆ, ಅಲ್ಲಿಂದ ಮುಂದೆ ಎಲ್ಲಾ ತಪ್ಪು. ಎಲ್ಲಾ ಡ್ಯಾಮಿನ ತಾರೀಖುಗಳನ್ನೂ ಒಂದು ಸೆಟ್‌ಗೆ, ಅಂದ್ರೆ ಒಂದೇ ತಾರೀಖು ಎರಡು ಸಲ ಬರದ ಗುಂಪಿಗೆ, ಹಾಕಿ ತಾರೀಖಿನ ಕ್ರಮದಲ್ಲಿ ಜೋಡಿಸಿ, ಆಮೇಲೆ ಒಂದೊಂದು ಡ್ಯಾಮಿಗೂ ಅದೇ ಪಟ್ಟಿ ಹಿಡಿದು ನಡೀರಿ, ಸಿಕ್ಕಿದ್ರೆ ಅಂಕಿ, ಸಿಗದಿದ್ರೆ ನಲ್.

ಸಮಯ ಆಗ್ತಾ ಬಂತು, ಬೇಗ ಹೇಳ್ಬಿಡ್ತೀನಿ. ಕೆಆರ್‌ಎಸ್ ತುಂಬಿದ್ರೆ 49.45 ಟಿಎಂಸಿ, ಹಾರಂಗಿ ತುಂಬಿದ್ರೂ 8.5, ಹಾಗೇ ಹಾಕಿದ್ರೆ ಹಾರಂಗಿ ತಳದಲ್ಲೇ ಮಲಗಿರುತ್ತೆ, ತುಂಬಿದ್ರೆ ಎಷ್ಟೋ ಅದರಲ್ಲಿ ಶೇಕಡಾ ಎಷ್ಟು ಅಂತ ಮಾಡ್ಕೊಳ್ಳಿ. ಆಗಲೂ ನಲ್ ನಲ್ಲಾಗೇ ಉಳೀಬೇಕು, ಭಾಗಿಸೋಕೆ ಹೋದ್ರೆ ಮತ್ತೆ ಸೊನ್ನೆ. ಗೆರೆ ಎಳೆಯೋ ಮೊದಲು ನಾಲ್ಕೂ ಪಟ್ಟಿಯ ಉದ್ದ ಕನ್ಸೋಲಲ್ಲಿ ನೋಡಿ, ನಾಲ್ಕೂ ಒಂದೇ ಇರಬೇಕು. ನಮಸ್ಕಾರ.