ಆಕಾಶದಿಂದ ಧುಮುಕುವಾಗ ಹದ್ದು ಅಡ್ಡ ಬಂದರೆ

ಎಲ್ಲರಿಗೂ ನಮಸ್ಕಾರ.

ಸ್ಕೈಡೈವಿಂಗ್, ಅಂದರೆ ವಿಮಾನದಿಂದ ಧುಮುಕಿ ಪ್ಯಾರಾಶೂಟಿನಲ್ಲಿ ಇಳಿಯುವುದರ ಬಗ್ಗೆ ಮಾತಾಡಿ ಅಂತ ಕರೆದ ನಿಮ್ಮ ಎನ್‌ಸಿಸಿಯವರು ಜೊತೆಗೇ ಒಂದು ಪ್ರಶ್ನೆಯನ್ನೂ ಕಳಿಸಿದ್ದರು. "ಸಾರ್, ಅಷ್ಟು ಜೋರಾಗಿ ಬೀಳುವಾಗ ಹದ್ದು ಬಂದು ಬಡಿದರೆ ಏನಾಗುತ್ತೆ?" ಚಿತ್ರದುರ್ಗದವರಿಗೆ ಈ ಪ್ರಶ್ನೆ ಬರುವುದು ಸಹಜ. ನಮ್ಮ ಕೋಟೆಯ ಮೇಲೆ ನಿಂತರೆ ಹದ್ದುಗಳ ಬೆನ್ನು ಕಾಣಿಸುತ್ತದೆ, ಅಲ್ವಾ? ಬಿಸಿಲೇರಿದಂತೆ ಬಂಡೆ ಕಾಯುತ್ತದೆ, ಬಿಸಿಗಾಳಿ ಮೇಲೇಳುತ್ತದೆ. ಹದ್ದುಗಳು ರೆಕ್ಕೆ ಬಡಿಯದೆ ಅದರಲ್ಲೇ ಸುತ್ತು ಹೊಡೆಯುತ್ತವೆ.

ಮೊದಲು ಪೆಟ್ಟಿನ ಲೆಕ್ಕ ಹಾಕೋಣ. ಹೊಟ್ಟೆ ಕೆಳಗೆ ಮಾಡಿ ಬೀಳುವ ಸ್ಕೈಡೈವರ್‌ನ ವೇಗ ಗಂಟೆಗೆ ಸುಮಾರು 200 ಕಿಲೋಮೀಟರ್. ನಮ್ಮ ಕಪ್ಪು ಹದ್ದಿನ ತೂಕ ಮುಕ್ಕಾಲು ಕಿಲೋ ಆಸುಪಾಸು. ಇವೆರಡೂ ಸೇರಿದರೆ ಸಿಗುವ ಶಕ್ತಿ, 10 ಕಿಲೋ ಅಕ್ಕಿ ಚೀಲವನ್ನು ನಾಲ್ಕನೇ ಮಹಡಿಯಿಂದ ಬಿಟ್ಟ ಹಾಗೆ. ತಲೆಗೆ ಬಿದ್ದರೆ ಹೆಲ್ಮೆಟ್ ಇದ್ದರೂ ಪ್ರಜ್ಞೆ ತಪ್ಪಬಹುದು. ಹಾಗಾಗಿ ಭಯಕ್ಕೆ ಕಾರಣ ಇದೆ. ಸುಮ್ನೆ "ಏನೂ ಆಗಲ್ಲ" ಅಂತ ಹೇಳುವವರ ಮಾತು ಕೇಳಬೇಡಿ.

ಆದರೆ ಹೀಗೆ ಡಿಕ್ಕಿ ಆಗುವುದು ತೀರಾ ಅಪರೂಪ. ಯಾಕೆ ಅಂತ ನೀವೇ ಲೆಕ್ಕ ಹಾಕಿ. ಸ್ಕೈಡೈವರ್ ಸುಮಾರು 4,000 ಮೀಟರ್ ಎತ್ತರದಲ್ಲಿ ವಿಮಾನದಿಂದ ಹೊರಬರುತ್ತಾನೆ. 1,500 ಮೀಟರ್ ಹತ್ತಿರ ಪ್ಯಾರಾಶೂಟ್ ಬಿಚ್ಚುತ್ತಾನೆ ಅಂದುಕೊಳ್ಳಿ. ನಡುವೆ 2,500 ಮೀಟರ್, ಒಂದು ನಿಮಿಷವೂ ಹಿಡಿಯದ ದಾರಿ. ಮನುಷ್ಯನ ಮೈ ಅಗಲ, ಹದ್ದಿನ ರೆಕ್ಕೆ ಎರಡೂ ಸೇರಿ 2 ಚದರ ಮೀಟರ್ ಅಂತ ಹಿಡಿದರೆ, ಅವನು ಹಾದುಹೋಗುವ ಜಾಗ 5,000 ಘನ ಮೀಟರ್. ಒಂದು ಘನ ಕಿಲೋಮೀಟರ್ ಅಂದರೆ 100 ಕೋಟಿ ಘನ ಮೀಟರ್. ಅಷ್ಟು ಜಾಗಕ್ಕೆ ಒಂದು ಹದ್ದು ಇದ್ದರೆ, ಡಿಕ್ಕಿಯಾಗುವ ಸಾಧ್ಯತೆ 2 ಲಕ್ಷದಲ್ಲಿ ಒಂದು. ಹಕ್ಕಿಗೆ ಕಣ್ಣಿದೆ, ಪಕ್ಕಕ್ಕೆ ಸರಿಯುತ್ತದೆ ಅನ್ನುವುದನ್ನು ನಾನು ಇದರಲ್ಲಿ ಸೇರಿಸಿಲ್ಲ.

ಅದಕ್ಕಿಂತ ದೊಡ್ಡ ಕಾರಣ ಎತ್ತರ. ವಿಮಾನಗಳಿಗೆ ಹಕ್ಕಿ ಬಡಿಯುವ ಘಟನೆಗಳಲ್ಲಿ ಬಹುಪಾಲು ನೆಲದಿಂದ 1,000 ಮೀಟರ್ ಒಳಗೇ ನಡೆಯುತ್ತವೆ. ಸ್ಕೈಡೈವರ್ ಜೋರಾಗಿ ಬೀಳುವುದು ಅದಕ್ಕೂ ಮೇಲೆ. ಹಕ್ಕಿಗಳ ಎತ್ತರಕ್ಕೆ ಬರುವ ಹೊತ್ತಿಗೆ ಪ್ಯಾರಾಶೂಟ್ ಬಿಚ್ಚಿರುತ್ತದೆ, ಸೆಕೆಂಡಿಗೆ ಐದಾರು ಮೀಟರ್ ವೇಗದಲ್ಲಿ ಇಳಿಯುತ್ತಿರುತ್ತಾನೆ. ಇದಕ್ಕೆ ಹೊರತಾದ ಹಕ್ಕಿಗಳೂ ಇವೆ. 1973ರಲ್ಲಿ ಆಫ್ರಿಕಾದ ಅಬಿದ್ಜಾನ್ ಮೇಲೆ 11,300 ಮೀಟರ್ ಎತ್ತರದಲ್ಲಿ ಒಂದು ರಣಹದ್ದು ವಿಮಾನಕ್ಕೆ ಬಡಿದಿತ್ತು. ಚಳಿಗಾಲಕ್ಕೆ ಗದಗದ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಅಂಥ ಹಕ್ಕಿಗಳು ವಲಸೆ ಹೋಗುವ ಕಾಲದಲ್ಲಿ, ಅವುಗಳ ದಾರಿಯಲ್ಲಿ ಹಾರುವುದಾದರೆ ಈ ಲೆಕ್ಕ ಬದಲಾಗುತ್ತದೆ.

ನನಗೆ ನಿಜವಾಗಿ ಚಿಂತೆ ಇರುವುದು ಸ್ಕೈಡೈವರ್‌ಗಳನ್ನು ಮೇಲಕ್ಕೆ ಒಯ್ಯುವ ವಿಮಾನದ ಬಗ್ಗೆ. ಅದು ಹಕ್ಕಿಗಳ ನಡುವೆಯೇ ವೇಗವಾಗಿ ಮೇಲೇರಬೇಕು. ನಮ್ಮ ದೇಶದ ನಿಯಮದ ಪ್ರಕಾರ ವಿಮಾನ ನಿಲ್ದಾಣದ 10 ಕಿಲೋಮೀಟರ್ ಸುತ್ತ ಬಯಲಲ್ಲಿ ಪ್ರಾಣಿ ಕಡಿಯುವಂತಿಲ್ಲ, ಹಕ್ಕಿಗಳನ್ನು ಸೆಳೆಯುವ ಕಸ ಹಾಕುವಂತಿಲ್ಲ. ಕೋಳಿ ಅಂಗಡಿಯ ತ್ಯಾಜ್ಯ ಎಲ್ಲೆಲ್ಲಿ ಬೀಳುತ್ತದೋ ಅಲ್ಲೆಲ್ಲ ಹದ್ದು ಸುತ್ತುವುದನ್ನು ನಮ್ಮೂರಲ್ಲೇ ನೋಡುತ್ತೇವಲ್ಲ.

ಹಕ್ಕಿಗಿಂತ ಜಾಸ್ತಿ ಜೀವ ತೆಗೆದಿರುವುದು ಮನುಷ್ಯರೇ ಆಕಾಶಕ್ಕೆ ಏರಿಸಿದ ವಸ್ತುಗಳು. 1993ರಲ್ಲಿ ಅಮೆರಿಕದ ನಾರ್ಥಾಂಪ್ಟನ್‌ನಲ್ಲಿ ಬೀಳುತ್ತಿದ್ದ ಸ್ಕೈಡೈವರ್ ಒಬ್ಬ ಸಣ್ಣ ವಿಮಾನದ ಬಾಲಕ್ಕೆ ಬಡಿದ. ಅವನ ಕಾಲಿನ ಗಿಣ್ಣು ಮುರಿಯಿತು, ಬದುಕಿದ. ವಿಮಾನದಲ್ಲಿದ್ದ ನಾಲ್ವರೂ ಸತ್ತರು. ಈ ಘಟನೆ ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಆ ನಾಲ್ವರು ಸಾಹಸಕ್ಕೆ ಹೊರಟವರಲ್ಲ, ಸುಮ್ನೆ ಆ ದಾರಿಯಲ್ಲಿ ಹೋಗುತ್ತಿದ್ದವರು. 2014ರಲ್ಲಿ ಫ್ಲೋರಿಡಾದಲ್ಲಿ ಇಳಿಯುತ್ತಿದ್ದ ಪ್ಯಾರಾಶೂಟಿನ ಹಗ್ಗಗಳಿಗೆ ಸಣ್ಣ ವಿಮಾನದ ರೆಕ್ಕೆ ಸಿಕ್ಕಿಕೊಂಡಿತು. ವಿಮಾನ ಮೂಗು ಕೆಳಗಾಗಿ ನೆಲಕ್ಕೆ ಬಿತ್ತು. ಅದೃಷ್ಟ, ಪೈಲಟ್, ಸ್ಕೈಡೈವರ್ ಇಬ್ಬರೂ ಉಳಿದರು.

ಇನ್ನು ಸ್ಕೈಡೈವರ್‌ಗಳು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದು. ಗುಂಪಾಗಿ ಕೈಹಿಡಿದು ಬೀಳುವವರು ಗೊತ್ತು ಮಾಡಿಕೊಂಡ ಎತ್ತರ ಬಂದ ತಕ್ಷಣ ಬೇರೆ ಬೇರೆ ದಿಕ್ಕಿಗೆ ದೂರ ಸರಿಯಬೇಕು, ಆಮೇಲಷ್ಟೇ ಪ್ಯಾರಾಶೂಟ್ ಬಿಚ್ಚಬೇಕು. ಬಿಚ್ಚಿದ ಮೇಲೆ ಒಂದೇ ನಿಯಮ: ಕೆಳಗಿರುವವರಿಗೆ ಮೊದಲ ದಾರಿ. ಮೇಲಿರುವವರಿಗೆ ಕೆಳಗಿನವರು ಕಾಣುತ್ತಾರೆ. ಕೆಳಗಿನವರಿಗೆ ತಮ್ಮದೇ ಪ್ಯಾರಾಶೂಟಿನ ಬಟ್ಟೆ ಅಡ್ಡ. ಇಳಿಯುವ ಜಾಗದ ಹತ್ತಿರ ಎಲ್ಲರೂ ಒಂದೇ ಕಡೆ ಸೇರುತ್ತಾರೆ. ಎಲ್ಲರ ಕಣ್ಣೂ ನೆಲದ ಮೇಲಿರುತ್ತದೆ. ಆ ಕೊನೆಯ 300 ಮೀಟರ್ ನನಗೆ ಎಲ್ಲಕ್ಕಿಂತ ಅಪಾಯದ್ದು ಅನಿಸುತ್ತದೆ.

ನಮ್ಮ ಜಿಲ್ಲೆಯ ಆಕಾಶವೂ ಮೊದಲಿನಂತೆ ಖಾಲಿ ಇಲ್ಲ. ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರಗಳಿವೆ. ಚಳ್ಳಕೆರೆ ತಾಲ್ಲೂಕಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ಕೇಂದ್ರ 2017ರಲ್ಲಿ ಶುರುವಾಯಿತು, ಅಲ್ಲಿಂದ ಪೈಲಟ್ ಇಲ್ಲದ ವಿಮಾನಗಳು ಹಾರುತ್ತವೆ. 2023ರ ಆಗಸ್ಟ್‌ನಲ್ಲಿ ತಪಸ್ ಡ್ರೋನ್ ಒಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿದ್ದದ್ದು ನಿಮಗೆಲ್ಲ ನೆನಪಿರಬೇಕು. ಮದುವೆ ಶೂಟಿಂಗ್‌ನ ಡ್ರೋನ್‌ಗಳಂತೂ ಊರೂರಲ್ಲಿವೆ. ಹಾರಾಟಕ್ಕೆ ನಿರ್ಬಂಧ ಇಲ್ಲದ ಗ್ರೀನ್ ಝೋನ್‌ನಲ್ಲಿ ಅನುಮತಿ ಇಲ್ಲದೆ ಅವುಗಳನ್ನು 400 ಅಡಿವರೆಗೆ ಹಾರಿಸಬಹುದು. ಪ್ಯಾರಾಶೂಟಿನಲ್ಲಿ ಇಳಿಯುವವರೂ ಕೊನೆಗೆ ಆ 400 ಅಡಿ ದಾಟಲೇಬೇಕು. ಆದ್ದರಿಂದ ಇಲ್ಲಿ ಯಾರಾದರೂ ಇಂಥ ಪ್ರದರ್ಶನ ಏರ್ಪಡಿಸಿದರೆ, ಡ್ರೋನ್ ಇಟ್ಟುಕೊಂಡಿರುವ ಹುಡುಗರಿಗೆ ಮೊದಲೇ ತಿಳಿಸಬೇಕು. ಇದಕ್ಕೆ ಖರ್ಚೇನೂ ಇಲ್ಲ.

ಕೊನೆಗೆ, ಮುಂದೆ ಹಾರಲು ಹೋಗುವವರಿಗೆ ಒಂದು ಮಾತು. ಹಕ್ಕಿಯೋ ಇನ್ನೊಬ್ಬರ ಮೊಣಕಾಲೋ ತಲೆಗೆ ಬಡಿದು ಪ್ರಜ್ಞೆ ತಪ್ಪಿದರೂ ಕಾಪಾಡುವ ಸಣ್ಣ ಯಂತ್ರವೊಂದಿದೆ. ಜರ್ಮನಿಯವರು 1991ರಲ್ಲಿ ತಂದ ಸೈಪ್ರೆಸ್ ಅದರಲ್ಲಿ ಹೆಸರಾದದ್ದು. ನೆಲದಿಂದ ಸುಮಾರು 225 ಮೀಟರ್ ಮೇಲೆ ಇನ್ನೂ ಸೆಕೆಂಡಿಗೆ 35 ಮೀಟರ್ ವೇಗದಲ್ಲಿ ಬೀಳುತ್ತಿದ್ದರೆ, ಅದೇ ಮೀಸಲು ಪ್ಯಾರಾಶೂಟ್ ಬಿಚ್ಚಿಸುತ್ತದೆ. ಆದರೆ ಅದನ್ನು ಆನ್ ಮಾಡಿರಬೇಕು, ಅದೂ ನೆಲದ ಮೇಲಿರುವಾಗಲೇ. 14 ಗಂಟೆಯ ನಂತರ ಅದು ತಾನಾಗಿಯೇ ಆಫ್ ಆಗುತ್ತದೆ. ನಿನ್ನೆ ಹಾಕಿದ್ದು ಇವತ್ತಿಗೆ ಇರಲ್ಲ. ಪಟ್ಟಿ ಬಿಗಿಯುವಾಗಲೇ ಕೇಳಿ, "ಇದು ಇವತ್ತು ಬೆಳಿಗ್ಗೆ ಆನ್ ಮಾಡಿದ್ದಾ?" ತೋರಿಸಿ ಅನ್ನಿ. ಸಂಕೋಚ ಬೇಡ.

ಈಗ ನಿಮ್ಮ ಪ್ರಶ್ನೆಗಳು ಬರಲಿ.