ಸೈಕಲ್ ಹುಡುಕಿಕೊಡುವ ಪತ್ತೇದಾರ

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡಲು ಬಂದಿರುವುದು ನಾರ್ವೆಯ ‘ವಾರ್ಗ್ ವೇಯುಮ್’ ಸರಣಿಯ ಬಗ್ಗೆ. 2007ರಿಂದ 2012ರ ತನಕ ಬಂದ ಹನ್ನೆರಡು ಚಿತ್ರಗಳು, ಒಂದೊಂದೂ ಸುಮಾರು ಒಂದೂವರೆ ಗಂಟೆ. ವಾರ್ಗ್ ವೇಯುಮ್ ಅನ್ನುವವನು ಬರ್ಗೆನ್ ಊರಿನ ಖಾಸಗಿ ಪತ್ತೇದಾರ. ಪಾತ್ರ ಮಾಡಿದವರು ಟ್ರೊಂಡ್ ಎಸ್ಪೆನ್ ಸೈಮ್. ಕಾದಂಬರಿಗಳನ್ನು ಬರೆದವರು ಬರ್ಗೆನ್‌ನಲ್ಲೇ ಹುಟ್ಟಿದ ಗುನ್ನರ್ ಸ್ಟೋಲೆಸನ್, ಅವರ ಮೊದಲ ವೇಯುಮ್ ಕಾದಂಬರಿ ಬಂದದ್ದು 1977ರಲ್ಲಿ.

ಈ ಸರಣಿಯನ್ನು ನಾನು ತುಂಬಾ ಜನರಿಗೆ ತೋರಿಸಿದ್ದೇನೆ. ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದೇನೆ. ಮೆಚ್ಚಿದವರಿದ್ದಾರೆ, ಎರಡನೇ ಚಿತ್ರಕ್ಕೇ ಎದ್ದುಹೋದವರೂ ಇದ್ದಾರೆ. ಜಾಸ್ತಿ ಕೇಳಿಬಂದ ದೂರು ಅಂದರೆ, ‘ಇವನೆಂಥ ಪತ್ತೇದಾರ, ಒಂದು ಸುಳಿವನ್ನೂ ನೆಟ್ಟಗೆ ಹಿಡಿಯುವುದಿಲ್ಲ, ಹೋದಲ್ಲೆಲ್ಲ ಏಟು ತಿನ್ನುತ್ತಾನೆ’ ಅಂತ. ದೂರು ಸುಳ್ಳಲ್ಲ. ಡ್ಯಾನಿಶ್ ಸರಣಿ ‘ಫೋರ್ಬ್ರಿಡೆಲ್ಸೆನ್’ ಮುಗಿಸಿ ಇದಕ್ಕೆ ಬಂದವರಿಗೆ ಇದು ಬೇರೆಯದೇ ಲೋಕ ಅನಿಸುತ್ತದೆ, ಯಾಕಂದರೆ ಅಲ್ಲಿ ಪೊಲೀಸ್ ಪತ್ತೇದಾರಿಣಿ ಸಾರಾ ಲುಂಡ್ ಹಿಂದೆ ಇಡೀ ಪೊಲೀಸ್ ಇಲಾಖೆ ಇದೆ, ಒಂದೇ ಕೊಲೆಯನ್ನು ಇಪ್ಪತ್ತು ಕಂತು ಎಳೆದು ಪ್ರತಿಯೊಬ್ಬರ ಮನೆಯೊಳಗೂ ಇಣುಕುವಷ್ಟು ಸಮಯ ಇದೆ. ವೇಯುಮ್‌ಗೆ ಇರುವುದು ಬಂದರಿನ ಕಡೆ ಮುಖ ಮಾಡಿದ ಒಂದು ಆಫೀಸು, ಅಷ್ಟೇ. ಲ್ಯಾಬ್ ಇಲ್ಲ, ಬಂಧಿಸುವ ಅಧಿಕಾರ ಇಲ್ಲ. ಅದರ ಮೇಲೆ ಪೊಲೀಸ್ ಅಧಿಕಾರಿ ಹಾಮ್ರೆ ಬೇರೆ, ‘ನೀನು ದೂರ ಇರು’ ಅನ್ನುತ್ತಲೇ ಇರುತ್ತಾನೆ. ಆ ಪಾತ್ರ ಬ್ಯೋರ್ನ್ ಫ್ಲೋಬರ್ಗ್ ಅವರದು. ಇವರಿಬ್ಬರೂ ಎದುರುಬದುರು ನಿಂತಾಗ ಮಾತು ಕಡಿಮೆ, ಮುಖವೇ ಎಲ್ಲ ಹೇಳುತ್ತದೆ. ಇದನ್ನು ಇಷ್ಟಪಡದವರು ನನಗಂತೂ ಸಿಕ್ಕಿಲ್ಲ.

ಇನ್ನೊಂದು ದೂರು ಪುಸ್ತಕ ಓದಿದವರದು. ಕಾದಂಬರಿಯ ವೇಯುಮ್ ಹುಟ್ಟಿದ್ದು 1942ರಲ್ಲಿ, ಪುಸ್ತಕದಿಂದ ಪುಸ್ತಕಕ್ಕೆ ವಯಸ್ಸಾಗುತ್ತಾ ಹೋಗುತ್ತಾನೆ. ಮೊದಲ ಚಿತ್ರ ಬಂದಾಗ ಸೈಮ್‌ಗೆ ನಲವತ್ತೂ ಆಗಿರಲಿಲ್ಲ. ‘ನಮ್ಮ ವೇಯುಮ್ ಇಷ್ಟು ಹುಡುಗನಲ್ಲ’ ಅನ್ನುವ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಸೈಮ್ ಕಣ್ಣಲ್ಲಿ ಒಂದು ದಣಿವಿದೆ, ನನಗೆ ಅದು ಸಾಕು.

ಈಗ ನಾನು ನಿಜವಾಗಿ ಹೇಳಬೇಕಾಗಿರುವ ಮಾತು. ವೇಯುಮ್ ಪತ್ತೇದಾರ ಆಗುವ ಮೊದಲು ಮಕ್ಕಳ ರಕ್ಷಣಾ ಇಲಾಖೆಯಲ್ಲಿ, ಅಂದರೆ ನಾರ್ವೆಯವರು ಬಾರ್ನೆವರ್ನ್ ಅನ್ನುವ ಕಡೆ, ಕೆಲಸ ಮಾಡಿದವನು. ಸುಮಾರು 2012ರ ಹೊತ್ತಿಗೆ ನಮ್ಮ ಪತ್ರಿಕೆಗಳಲ್ಲೂ ಈ ಇಲಾಖೆಯ ಸುದ್ದಿ ಬಂದಿತ್ತು, ಭಾರತದ ಒಂದು ಕುಟುಂಬದ ಮಕ್ಕಳನ್ನು ಅಲ್ಲಿ ಬೇರೆಯವರ ಆರೈಕೆಗೆ ಕೊಟ್ಟಿದ್ದರು, ನೆನಪಿರಬಹುದು. ವೇಯುಮ್ ಆ ಕೆಲಸ ಬಿಟ್ಟ, ಆದರೆ ಆ ಕೆಲಸ ಅವನನ್ನು ಬಿಡಲಿಲ್ಲ. ಇದೊಂದನ್ನು ಮನಸ್ಸಲ್ಲಿಟ್ಟುಕೊಂಡು ನೋಡಿದರೆ ಅವನು ಯಾಕೆ ಏಟು ತಿನ್ನುತ್ತಾನೆ, ದುಡ್ಡು ಕೊಟ್ಟವರ ಕೆಲಸ ಬಿಟ್ಟು ಯಾಕೆ ಇನ್ನೆಲ್ಲೋ ಹೋಗುತ್ತಾನೆ ಅನ್ನುವುದು ತಾನಾಗಿ ತಿಳಿಯುತ್ತದೆ. ಅವನು ಕೊಲೆಗಾರನ ಹಿಂದೆ ಹೋಗುವುದಕ್ಕಿಂತ ಮೊದಲು ಆ ಮನೆಯಲ್ಲಿ ಮಗು ಇದೆಯಾ ಅಂತ ನೋಡುತ್ತಾನೆ.

‘ದಿನ್ ಟಿಲ್ ಡೋಡೆನ್’ ಕಾದಂಬರಿಯನ್ನೇ ತೆಗೆದುಕೊಳ್ಳಿ, ಇದು 2008ರಲ್ಲಿ ಚಿತ್ರವೂ ಆಯಿತು. ಆಫೀಸಿನ ಬಾಗಿಲು ತೆರೆದು ಒಳಗೆ ಬರುವವನು ಎಂಟು ವರ್ಷದ ಒಬ್ಬ ಹುಡುಗ. ಅವನ ಸೈಕಲನ್ನು ಪುಂಡ ಹುಡುಗರ ಗುಂಪೊಂದು ಎತ್ತಿಕೊಂಡು ಹೋಗಿದೆ. ಹುಡುಕಿಕೊಡುತ್ತೀರಾ ಅಂತ ಕೇಳುತ್ತಾನೆ. ವೇಯುಮ್ ನಗುವುದಿಲ್ಲ, ಪೊಲೀಸರ ಹತ್ತಿರ ಹೋಗು ಅಂತ ಕಳಿಸಿಬಿಡುವುದೂ ಇಲ್ಲ, ಎದ್ದು ಹೊರಡುತ್ತಾನೆ. ಊರಾಚೆಯ ಎತ್ತರದ ಫ್ಲಾಟುಗಳು, ಅಲ್ಲಿ ಹುಡುಗನ ಅಮ್ಮ. ಆಮೇಲೆ ಹುಡುಗನ ಅಪ್ಪನ ಕೊಲೆಯಾಗುತ್ತದೆ, ಅನುಮಾನ ಅಮ್ಮನ ಮೇಲೆಯೇ ಬೀಳುತ್ತದೆ. ಮುಂದಿನದನ್ನು ಹೇಳುವುದಿಲ್ಲ. ಆದರೆ ಅಷ್ಟು ದೊಡ್ಡ ಕಥೆ ಶುರುವಾಗುವುದು ಒಂದು ಸೈಕಲ್‌ನಿಂದ, ಒಬ್ಬ ದೊಡ್ಡ ಮನುಷ್ಯ ಮಗುವಿನ ಮಾತನ್ನು ಸುಮ್ನೆ ತಳ್ಳಿಹಾಕದೆ ಕೇಳಿಸಿಕೊಂಡದ್ದರಿಂದ, ಅಲ್ವಾ? ಇಂಥ ಕಡೆ ನನಗೆ ಗಂಟಲು ಕಟ್ಟುತ್ತದೆ.

ಅವನ ಹೆಸರೂ ಹಾಗೇ. ‘ವಾರ್ಗ್’ ಅಂದರೆ ತೋಳ. ಹಳೆಯ ನಾರ್ಸ್ ಭಾಷೆಯಲ್ಲಿ ಪವಿತ್ರ ಜಾಗದೊಳಗೆ ನುಗ್ಗಿದ ತೋಳ ಅನ್ನುವ ಮಾತೊಂದಿತ್ತು, ಅಲ್ಲಿ ರಕ್ತ ಹರಿಸಿ ಸಮಾಜದಿಂದ ಬಹಿಷ್ಕಾರ ಹಾಕಿಸಿಕೊಂಡವನಿಗೆ ಹಾಗೆ ಹೇಳುತ್ತಿದ್ದರು. ಆ ಮಾತನ್ನೇ ತಿರುಗಿಸಿ ಮಾಡಿದ ಹೆಸರಿದು.

ಹನ್ನೆರಡೂ ಒಂದೇ ತೂಕದವಲ್ಲ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಕೆಲವು ಅವಸರದಲ್ಲಿ ಮುಗಿಯುತ್ತವೆ, ಒಂದೂವರೆ ಗಂಟೆಯಲ್ಲಿ ಪೂರ್ತಿ ಕಾದಂಬರಿ ತುರುಕಲು ಹೋದರೆ ಹಾಗೇ ಆಗುವುದು. ‘ಫಾಲ್ನೆ ಎಂಗ್ಲರ್’ ಮಾತ್ರ ತಪ್ಪಿಸಬೇಡಿ, ಅದರ ನಿರ್ದೇಶಕರು ಮೊರ್ಟೆನ್ ಟಿಲ್ಡಮ್, ಮುಂದೆ ಹಾಲಿವುಡ್‌ಗೆ ಹೋದವರು. ಆಮೇಲೆ 2011ರ ‘ಡೋಡೆನ್ಸ್ ದ್ರಾಬಾಂಟರ್’. ವೇಯುಮ್ ಇಲಾಖೆಯಲ್ಲಿದ್ದಾಗ ಕಂಡಿದ್ದ ಒಂದು ಪುಟ್ಟ ಹುಡುಗ ದೊಡ್ಡವನಾಗಿ ಕೊಲೆಯ ಅನುಮಾನಕ್ಕೆ ಸಿಕ್ಕಿಕೊಳ್ಳುವ ಕಥೆ ಅದು. ವೇಗ ಕಡಿಮೆ ಅಂತ ಹೇಳುವ ಗೆಳೆಯರಿಗೆ ನಾನು ಮೊದಲು ತೋರಿಸುವುದು ಅದನ್ನೇ. ನೋಡುವಾಗ ಡಬ್ಬಿಂಗ್ ಬೇಡ, ನಾರ್ವೇಜಿಯನ್ ಧ್ವನಿಯಲ್ಲೇ, ಸಬ್‌ಟೈಟಲ್ ಹಾಕಿಕೊಂಡು ನೋಡಿ.