ಬ್ಯಾಕಪ್ ಇದೆ, ಅದರಿಂದ ಕಂಪ್ಯೂಟರ್ ಎದ್ದೇಳುತ್ತಾ?

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಕಂಪ್ಯೂಟರಿನ ಸಿಸ್ಟಮ್ ಡಿಸ್ಕ್ ಬಗ್ಗೆ ಮಾತಾಡೋಣ. ಅಂದರೆ ವಿಂಡೋಸ್ ಕೂತಿರುವ ಡಿಸ್ಕ್, ನಾವೆಲ್ಲ ಸಿ ಡ್ರೈವ್ ಅನ್ನುತ್ತೇವಲ್ಲ, ಅದು. ಫೋಟೋ, ಪತ್ರ, ಲೆಕ್ಕದ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳುವ ಅಭ್ಯಾಸ ಈಗ ತುಂಬಾ ಜನಕ್ಕಿದೆ. ಒಳ್ಳೆಯದೇ. ಆದರೆ ಡಿಸ್ಕ್ ಕೈಕೊಟ್ಟ ದಿನ ಫೈಲುಗಳು ಉಳಿದಿದ್ದರೂ ಕೆಲಸ ನಿಂತುಹೋಗುತ್ತದೆ. ಯಾಕೆ ಅಂತ ಗೊತ್ತಾಗಬೇಕಾದರೆ ನಮ್ಮೂರಿನ ಯಾವುದಾದರೂ ಡಿಟಿಪಿ ಅಂಗಡಿಗೆ ಹೋಗಿ ನೋಡಬೇಕು.

ತಾಲ್ಲೂಕು ಕಚೇರಿ ಎದುರಿಗೋ ಬಸ್ ಸ್ಟ್ಯಾಂಡ್ ಪಕ್ಕದಲ್ಲೋ ಇರುತ್ತದೆ, ಲಗ್ನಪತ್ರಿಕೆ, ಅರ್ಜಿ, ಕರಪತ್ರ ಮಾಡಿಕೊಡುವ ಅಂಗಡಿ. ಅಂಥ ಎಷ್ಟೋ ಕಡೆ ಇವತ್ತಿಗೂ ಪುಟ ಜೋಡಿಸುವ ಹಳೇ ಪ್ರೋಗ್ರಾಮ್ ಪೇಜ್‌ಮೇಕರಿನಲ್ಲೇ ಕೆಲಸ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಜೊತೆಗೆ ಕನ್ನಡ ಟೈಪ್ ಮಾಡುವ ತಂತ್ರಾಂಶ ನುಡಿಯೋ ಬರಹವೋ, ಅವುಗಳ ಹಳೇ ಫಾಂಟುಗಳು, ಬೆರಳಿಗೆ ಒಗ್ಗಿಹೋದ ಕೀಬೋರ್ಡ್ ಜೋಡಣೆ, ಎಂದೋ ಕೊಂಡ ಪ್ರಿಂಟರನ್ನು ನಡೆಸುವ ಡ್ರೈವರ್ ಪ್ರೋಗ್ರಾಮ್. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತವಾದ ಯುನಿಕೋಡ್ ಬರುವ ಮುಂಚಿನ ಆ ಫಾಂಟ್ ಇಲ್ಲದಿದ್ದರೆ ಫೈಲು ತೆರೆದರೂ ಕನ್ನಡ ಕಾಣುವುದಿಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು ಕಲಸಿಕೊಂಡು ಕಾಣುತ್ತವೆ. ಇದನ್ನೆಲ್ಲ ಹಾಕಿಕೊಟ್ಟವರು ಯಾರೋ, ಸಿಡಿ ಎಲ್ಲಿದೆಯೋ, ಸೀರಿಯಲ್ ನಂಬರ್ ಯಾವ ಚೀಟಿಯಲ್ಲಿದೆಯೋ. ಮದುವೆ ಸೀಸನ್ನಿನಲ್ಲಿ ಡಿಸ್ಕ್ ಹೋದರೆ ಆ ಅಂಗಡಿಯವರ ಹೊಟ್ಟೆಪಾಡಿಗೇ ಪೆಟ್ಟು. ಅವರಿಗೆ ಬೇಕಾದದ್ದು ಇಡೀ ಡಿಸ್ಕಿನ ನಕಲು, ಫಾಂಟು ಡ್ರೈವರುಗಳ ಸಮೇತ, ಎಲ್ಲ ಇದ್ದ ಹಾಗೇ. ಇದಕ್ಕೆ ಡಿಸ್ಕ್ ಇಮೇಜ್ ಅನ್ನುತ್ತಾರೆ.

ವಿಂಡೋಸನ್ನು ಹಿಂದಿನ ಸ್ಥಿತಿಗೆ ತರುವ ಸಿಸ್ಟಮ್ ರಿಸ್ಟೋರ್ ಇದೆಯಲ್ಲ, ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಸಾಲದು. ಅದರ ರಿಸ್ಟೋರ್ ಪಾಯಿಂಟುಗಳು ಇರುವುದು ಅದೇ ಡಿಸ್ಕಿನಲ್ಲಿ, ಡಿಸ್ಕ್ ಹೋದರೆ ಅವೂ ಹೋದವು. ಇನ್ನು ಸಿ ಡ್ರೈವ್ ತೆರೆದು ಎಲ್ಲವನ್ನೂ ಸೆಲೆಕ್ಟ್ ಮಾಡಿ ಕಾಪಿ ಮಾಡುತ್ತೇನೆ ಅಂದರೆ ಅದೂ ಆಗುವುದಿಲ್ಲ. ಓಡುತ್ತಿರುವ ವಿಂಡೋಸ್ ತನ್ನ ಮುಖ್ಯವಾದ ಫೈಲುಗಳನ್ನು ಬಿಟ್ಟುಕೊಡುವುದಿಲ್ಲ. ಅಲ್ಲದೆ ಡಿಸ್ಕಿನಲ್ಲಿ ನಮ್ಮ ಕಣ್ಣಿಗೆ ಬೀಳದ ಸಣ್ಣ ಪಾರ್ಟಿಷನ್‌ಗಳಿವೆ. ಈಗಿನ ಕಂಪ್ಯೂಟರುಗಳಲ್ಲಿ ಇಎಫ್‌ಐ ಅನ್ನುವ, ಸಾಮಾನ್ಯವಾಗಿ 100 ಎಂಬಿ ಸುಮಾರಿನ ಒಂದು ಭಾಗ ಇರುತ್ತದೆ. ಪವರ್ ಬಟನ್ ಒತ್ತಿದಾಗ ವಿಂಡೋಸ್ ಶುರುವಾಗುವುದು ಅಲ್ಲಿಂದ. ಅದಿಲ್ಲದೆ ಉಳಿದ 500 ಜಿಬಿ ಇದ್ದೂ ಪ್ರಯೋಜನವಿಲ್ಲ.

ಇಮೇಜ್ ಮಾಡುವುದಕ್ಕೆ ನನಗೆ ಇಷ್ಟ ಕ್ಲೋನ್‌ಜಿಲ್ಲಾ ಅನ್ನುವ ಪ್ರೋಗ್ರಾಮ್. ತೈವಾನಿನವರು ಮಾಡಿದ್ದು, ಪುಕ್ಕಟೆ ಸಿಗುತ್ತದೆ. ಪೆನ್‌ಡ್ರೈವಿಗೆ ಹಾಕಿಕೊಂಡು ಕಂಪ್ಯೂಟರನ್ನು ಅದರಿಂದಲೇ ಶುರು ಮಾಡಬೇಕು, ಆಗ ವಿಂಡೋಸ್ ಅಡ್ಡ ಬರುವುದಿಲ್ಲ. ಡಿಸ್ಕಿನಲ್ಲಿ ಬಳಕೆಯಾದ ಜಾಗವನ್ನು ಮಾತ್ರ ಅದು ಓದುತ್ತದೆ, ಹಾಗಾಗಿ 1 ಟಿಬಿ ಡಿಸ್ಕಿನಲ್ಲಿ 80 ಜಿಬಿ ತುಂಬಿದ್ದರೆ ಇಮೇಜ್ ಅದಕ್ಕಿಂತ ಕಡಿಮೆಯೇ ಆಗುತ್ತದೆ. ಮಾಡುವ ಮುಂಚೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಮಾಡಿ. ಸುಮ್ನೆ ಶಟ್‌ಡೌನ್ ಮಾಡಿದರೆ ಫಾಸ್ಟ್ ಸ್ಟಾರ್ಟಪ್ ಅನ್ನುವ ಸೌಲಭ್ಯದಿಂದಾಗಿ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ, ಕ್ಲೋನ್‌ಜಿಲ್ಲಾ ತಕರಾರು ತೆಗೆಯುತ್ತದೆ. ಹೊರಗಿನ ಹಾರ್ಡ್ ಡಿಸ್ಕನ್ನು ನೀಲಿ ಬಣ್ಣದ ಯುಎಸ್‌ಬಿ ಪೋರ್ಟಿಗೆ ಹಾಕಿ, ಬೇಗ ಮುಗಿಯುತ್ತದೆ. ಬರೀ ಅಕ್ಷರಗಳೇ ತುಂಬಿದ ಪರದೆ ನೋಡಿ ಕೈ ನಡುಗುವವರಿಗೆ ರೆಸ್ಕ್ಯೂಜಿಲ್ಲಾ ಇದೆ. ಮೌಸಿನಲ್ಲೇ ಕೆಲಸ, ಕ್ಲೋನ್‌ಜಿಲ್ಲಾದ ಇಮೇಜನ್ನೂ ಓದುತ್ತದೆ.

ವಿಂಡೋಸಿನ ಒಳಗೇ ಒಂದು ದಾರಿ ಇದೆ, ಕಂಟ್ರೋಲ್ ಪ್ಯಾನೆಲಿನಲ್ಲಿ ಬ್ಯಾಕಪ್ ಆ್ಯಂಡ್ ರಿಸ್ಟೋರ್, ಪಕ್ಕದಲ್ಲಿ ವಿಂಡೋಸ್ 7 ಅಂತ ಬರೆದಿರುತ್ತದೆ. ಅದು ವಿಂಡೋಸ್‌ಇಮೇಜ್‌ಬ್ಯಾಕಪ್ ಅನ್ನುವ ಫೋಲ್ಡರ್ ಮಾಡುತ್ತದೆ. ಆ ಫೋಲ್ಡರಿನ ಹೆಸರು ಬದಲಾಯಿಸಬೇಡಿ, ಇನ್ನೊಂದು ಫೋಲ್ಡರಿನ ಒಳಗೆ ಹಾಕಬೇಡಿ. ಹಾಗೆ ಮಾಡಿದರೆ ಬೇಕಾದ ದಿನ ರಿಕವರಿಗೆ ಅದು ಕಾಣುವುದೇ ಇಲ್ಲ.

ಇಷ್ಟು ಮಾಡಿ ಡಿಸ್ಕನ್ನು ಬೀರುವಿನಲ್ಲಿಟ್ಟರೆ ಅರ್ಧ ಕೆಲಸ ಆಯಿತು. ನಾನು ಒತ್ತಿ ಹೇಳಬೇಕು ಅಂದುಕೊಂಡಿರುವುದು ಉಳಿದರ್ಧ. ಆ ಇಮೇಜಿನಿಂದ ಕಂಪ್ಯೂಟರ್ ನಿಜವಾಗಿಯೂ ಎದ್ದೇಳುತ್ತಾ? ಇದನ್ನು ಯಾರೂ ನೋಡುವುದಿಲ್ಲ. ದೊಡ್ಡವರೂ ನೋಡಿರುವುದಿಲ್ಲ. ಸಾಫ್ಟ್‌ವೇರ್ ಬರೆಯುವವರು ತಮ್ಮ ಕೋಡ್ ಇಡುವ ಗಿಟ್‌ಲ್ಯಾಬ್ ಗೊತ್ತಲ್ಲ, 2017ರ ಜನವರಿ 31ರಂದು ಅಲ್ಲಿನ ಒಬ್ಬ ಎಂಜಿನಿಯರ್ ಬೇರೆ ಸರ್ವರ್ ಅಂದುಕೊಂಡು ಮುಖ್ಯ ಡೇಟಾಬೇಸನ್ನೇ ಅಳಿಸಿಬಿಟ್ಟರು. ಬ್ಯಾಕಪ್ ತೆಗೆಯೋಣ ಅಂತ ಹೋದರೆ ಇರಬೇಕಾದ ಜಾಗ ಖಾಲಿ. ಬ್ಯಾಕಪ್ ಮಾಡುವ ಪ್ರೋಗ್ರಾಮಿನ ಆವೃತ್ತಿ ಡೇಟಾಬೇಸಿಗೆ ಹೊಂದದೆ ಅದು ಕೆಲಸವನ್ನೇ ಮಾಡುತ್ತಿರಲಿಲ್ಲ, ಹಾಗಾಗಿದೆ ಅಂತ ತಿಳಿಸುವ ಇಮೇಲುಗಳೂ ಅವರಿಗೆ ತಲುಪುತ್ತಿರಲಿಲ್ಲ. ಕೊನೆಗೆ ಕೈಹಿಡಿದದ್ದು ಬೇರೆ ಕೆಲಸಕ್ಕೆ ಅಂತ ಸುಮಾರು 6 ಗಂಟೆ ಮುಂಚೆ ತೆಗೆದಿದ್ದ ಒಂದು ನಕಲು. ಇದನ್ನೆಲ್ಲ ಅವರೇ ಬಹಿರಂಗವಾಗಿ ಬರೆದು ಹೇಳಿದರು, ಅದಕ್ಕೆ ಅವರನ್ನು ಮೆಚ್ಚಬೇಕು.

ಹಾಗಾದರೆ ಪರೀಕ್ಷೆ ಹೇಗೆ? ಒಂದು ಹೊಸ ಎಸ್‌ಎಸ್‌ಡಿ, ಅಂದರೆ ಈಗಿನ ವೇಗದ ಡಿಸ್ಕ್, ತನ್ನಿ, ಹಳೇ ಡಿಸ್ಕಿನಷ್ಟೇ ಇರಲಿ ಅಥವಾ ದೊಡ್ಡದಿರಲಿ. ಇಲ್ಲೇ ತುಂಬಾ ಜನ ಸಿಕ್ಕಿಹಾಕಿಕೊಳ್ಳುವುದು: 256 ಜಿಬಿ ಡಿಸ್ಕಿನ ಇಮೇಜ್ 240 ಜಿಬಿ ಡಿಸ್ಕಿಗೆ ನೇರವಾಗಿ ಇಳಿಯುವುದಿಲ್ಲ, ಒಳಗಿರುವುದು 60 ಜಿಬಿ ಮಾತ್ರ ಆಗಿದ್ದರೂ. ಹಳೇ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಡಿ. ಹೊಸದನ್ನು ಅದೇ ಜಾಗಕ್ಕೆ ಹಾಕಿ, ಪೆನ್‌ಡ್ರೈವಿನಿಂದ ಶುರು ಮಾಡಿ ಇಮೇಜ್ ಇಳಿಸಿ. ಹಳೆಯದು ಹೊರಗಿರುವುದರಿಂದ ಅದಕ್ಕೆ ಏನೂ ಆಗುವುದಿಲ್ಲ. ಆದರೂ ಎಲ್ಲಿಂದ ಎಲ್ಲಿಗೆ ಅಂತ ಕೇಳಿದಾಗ ಕ್ಲೋನ್‌ಜಿಲ್ಲಾ ಡಿಸ್ಕುಗಳಿಗೆ ತೋರಿಸುವ ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರು ನಂಬಿ ಎಂಟರ್ ಒತ್ತಬೇಡಿ, ಪಕ್ಕದಲ್ಲಿರುವ ಜಿಬಿ ಮತ್ತು ಕಂಪನಿ ಹೆಸರು ಓದಿ. ತಪ್ಪಿದರೆ ಇಮೇಜ್ ಇರುವ ಡಿಸ್ಕೇ ಅಳಿಸಿಹೋಗುತ್ತದೆ.

ಆಮೇಲೆ ಆನ್ ಮಾಡಿ. ವಿಂಡೋಸ್ ಬಂತು ಅಂದರೆ ಮುಗಿಯಲಿಲ್ಲ. ಪೇಜ್‌ಮೇಕರಿನ ಒಂದು ಹಳೇ ಫೈಲು ತೆರೆಯಿರಿ, ಕನ್ನಡದಲ್ಲಿ ಒಂದು ಸಾಲು ಟೈಪ್ ಮಾಡಿ, ಒಂದು ಪುಟ ಪ್ರಿಂಟ್ ತೆಗೆಯಿರಿ. ಹಾಳೆಯ ಮೇಲೆ ಒತ್ತಕ್ಷರ ಸರಿಯಾಗಿ ಬಂತಾ? ಆಗ ಅದು ಬ್ಯಾಕಪ್. ಒಂದು ಎಚ್ಚರ, ಹಳೇ ಹೊಸ ಡಿಸ್ಕ್ ಎರಡನ್ನೂ ಒಟ್ಟಿಗೆ ಹಾಕಿ ಆನ್ ಮಾಡಬೇಡಿ. ಎರಡಕ್ಕೂ ಗುರುತಿನ ಸಂಖ್ಯೆ ಒಂದೇ ಆಗಿರುತ್ತದೆ, ವಿಂಡೋಸಿಗೆ ತೊಡಕಾಗುತ್ತದೆ.

ಇಡೀ ಕಂಪ್ಯೂಟರೇ ಬೇರೆಯಾದರೆ ಮಾತು ಬೇರೆ. ವಿಂಡೋಸ್ 10, 11 ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ, ಆ್ಯಕ್ಟಿವೇಷನ್ ಮತ್ತೆ ಕೇಳಬಹುದು. ವಿಂಡೋಸ್ 7 ಎಷ್ಟೋ ಸಲ ನೀಲಿ ಪರದೆ ತೋರಿಸಿ ನಿಂತುಬಿಡುತ್ತದೆ.

ಹೊಸ ಲ್ಯಾಪ್‌ಟಾಪ್ ಇರುವವರು ಇನ್ನೊಂದು ವಿಷಯ ನೋಡಿಕೊಳ್ಳಿ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಎಷ್ಟೋ ಯಂತ್ರಗಳಲ್ಲಿ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬಿದ್ದಿರುತ್ತದೆ. ಅದನ್ನು ತೆಗೆಯುವುದಕ್ಕೆ ಬಿಟ್‌ಲಾಕರ್ ರಿಕವರಿ ಕೀ ಅಂತ 48 ಅಂಕಿಗಳು ಇರುತ್ತವೆ. ಡಿಸ್ಕ್ ರಿಪೇರಿ ಹೊತ್ತಿಗೆ ಅದನ್ನೇ ಕೇಳುತ್ತದೆ. ಈಗಲೇ ಆ ಖಾತೆ ತೆರೆದು ನೋಡಿ, ಕಾಗದದಲ್ಲಿ ಬರೆದಿಡಿ.

ಯಾವಾಗ ಮಾಡುವುದು ಅಂದರೆ, ಎಲ್ಲ ಚೆನ್ನಾಗಿ ಓಡುತ್ತಿರುವಾಗ. ವಿಂಡೋಸ್ 10ಕ್ಕೆ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಈಗ ತುಂಬಾ ಜನ 11ಕ್ಕೆ ಹೋಗುತ್ತಿದ್ದಾರೆ. ಅಪ್‌ಗ್ರೇಡ್ ಒತ್ತುವ ಮುಂಚೆ ಒಂದು ಇಮೇಜ್ ತೆಗೆದಿಡಿ. ತೆಗೆದಾದ ಮೇಲೆ ಆ ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚಿಯೇ ಬಿಡಬೇಡಿ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಬಂದರೆ ಚುಚ್ಚಿರುವ ಡಿಸ್ಕಿಗೂ ಬೀಗ ಹಾಕುತ್ತದೆ. ಬಿಚ್ಚಿ, ಯಾವ ಕಂಪ್ಯೂಟರಿನದು, ಯಾವ ವಿಂಡೋಸ್, ಯಾವ ತಾರೀಖು ಅಂತ ಒಂದು ಚೀಟಿ ಅಂಟಿಸಿ. ಹೊಸ ಇಮೇಜ್ ಪರೀಕ್ಷೆ ಆಗುವ ತನಕ ಹಳೆಯದನ್ನು ಅಳಿಸಬೇಡಿ. ನಮಸ್ಕಾರ.